ಕತೆ ಹೊಂದುತ್ತದೆ ಸರಿ, ಹುಟ್ಟಿದ್ದು ಯಾವಾಗ?

ಬೆಳಗ್ಗೆ ಫೋನ್ ನೋಡಿದರೆ ಒಂದೇ ಮೆಸೇಜು ಮೂರು ಜನರಿಂದ ಬಂದಿರುತ್ತದೆ. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದರ ಹಿಂದಿನ ‘ವೈಜ್ಞಾನಿಕ ಕಾರಣ’. ಕೆಳಗೆ ಒಂದು ಸಾಲು: “ಸಾರ್, ಇದು ನಿಜಾನಾ?”

ನಾನು ನಿಘಂಟಿನ ಕೆಲಸ ಮಾಡುವವನು. ಒಂದು ಪದ, ಒಂದು ಗಾದೆ ಮೊದಲು ಎಲ್ಲಿ ಸಿಗುತ್ತದೆ, ಯಾವ ಅರ್ಥದಲ್ಲಿ ಸಿಗುತ್ತದೆ ಎಂದು ಹುಡುಕಿ ಚೀಟಿ ಬರೆದಿಡುತ್ತೇನೆ. ಜನ ಇಂಥದ್ದನ್ನು ಕೇಳಿದರೆ ನನಗೆ ಖುಷಿ. ದಿನಾ ಆಡುವ ಮಾತಿನ ಬಗ್ಗೆ ಒಂದು ಗಳಿಗೆ ನಿಂತು ಯೋಚಿಸುವವರು ಎಷ್ಟು ಮಂದಿ ಇದ್ದಾರೆ? ಆದರೆ ಹೆಚ್ಚಿನವರು ಪ್ರಶ್ನೆಯ ಜೊತೆಗೆ ಉತ್ತರವನ್ನೂ ಹೊತ್ತು ತಂದಿರುತ್ತಾರೆ. “ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ” ಅನ್ನುತ್ತಾರೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ.

ಹೊಂದುತ್ತದೆ ಸರಿ. ಹೊಂದಿದ ಮಾತ್ರಕ್ಕೆ ಮಾತು ಅಲ್ಲೇ ಹುಟ್ಟಿತು ಅನ್ನುವಂತಿಲ್ಲ. ಮಾತು ಎಷ್ಟು ಹಳೆಯದು? ಅದಕ್ಕೆ ಹೇಳುವ ಕತೆ ಎಷ್ಟು ಹಳೆಯದು? ಈ ಎರಡು ವಯಸ್ಸನ್ನು ಪಕ್ಕಪಕ್ಕ ಇಟ್ಟು ನೋಡುವ ತನಕ ನಾನು ಯಾವ ಉತ್ತರವನ್ನೂ ಒಪ್ಪುವುದಿಲ್ಲ.

ಬೆಂಗಳೂರಿನ ಹೆಸರನ್ನೇ ತೆಗೆದುಕೊಳ್ಳಿ. ಬೇಟೆಗೆ ಬಂದ ವೀರಬಲ್ಲಾಳ ದಾರಿ ತಪ್ಪಿದ, ಹಸಿದಿದ್ದ, ಒಬ್ಬ ಅಜ್ಜಿ ಅವನಿಗೆ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರು ಆಯಿತು. ಚಿಕ್ಕಂದಿನಲ್ಲಿ ಇದನ್ನು ಕೇಳಿ ನಾನೂ ಕಣ್ಣರಳಿಸಿದ್ದೆ. ಈಗಲೂ ಕತೆ ಇಷ್ಟವೇ. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಆದರೆ ಬೇಗೂರಿನ ದೇವಸ್ಥಾನದಲ್ಲಿ ಒಂದು ಕಲ್ಲಿದೆ. ಗಂಗರ ಕಾಲದ್ದು, ಸುಮಾರು 890ನೆಯ ಇಸವಿಯದು. ಅದರಲ್ಲಿ ‘ಬೆಂಗಳೂರ’ ಕಾಳಗದ ಮಾತು ಬರುತ್ತದೆ. ಅಂದರೆ ಅಜ್ಜಿ ಒಲೆ ಹಚ್ಚುವುದಕ್ಕೆ ಸುಮಾರು 300 ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಕತೆ ಎಷ್ಟೇ ಸೊಗಸಾಗಿರಲಿ, ಹೆಸರಿಗಿಂತ ಆಮೇಲೆ ಬಂದ ರಾಜ ಆ ಹೆಸರಿಗೆ ಕಾರಣ ಆಗಲಾರ.

ಒಂದು ಕಾಲೇಜಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ಮೊಮ್ಮಗಳ ಜೊತೆ ಬಂದಿದ್ದರು. “ಹಾಗಾದರೆ ನಮ್ಮಜ್ಜಿ ನನಗೆ ಸುಳ್ಳು ಹೇಳಿದಳಾ?” ಅಂದರು. ದನಿಯಲ್ಲಿ ನಿಜವಾದ ನೋವಿತ್ತು. “ಇಲ್ಲ ಯಜಮಾನರೇ, ಅಜ್ಜಿ ಕತೆ ಹೇಳಿದ್ದಾರೆ. ಆ ಕತೆಗೂ ನಾನು ಚೀಟಿ ಬರೆಯುತ್ತೇನೆ. ಊರಿನ ಹೆಸರಿನ ಚೀಟಿಯ ಜೊತೆ ಸೇರಿಸುವುದಿಲ್ಲ, ಅಷ್ಟೇ” ಅಂದೆ. ಅವರಿಗೆ ಸಮಾಧಾನ ಆಯಿತೋ ಇಲ್ಲವೋ. ಕಾರ್ಯಕ್ರಮ ಮುಗಿದ ಮೇಲೆ ಹುಡುಕಿಕೊಂಡು ಬಂದು, ಅವರಜ್ಜಿ ಕತೆಯನ್ನು ಹೇಗೆ ಹೇಳುತ್ತಿದ್ದಳು ಅಂತ ಪೂರ್ತಿ ಹೇಳಿದರು. ಅವರಜ್ಜಿಯ ಕತೆಯಲ್ಲಿ ಕಾಳು ಅವರೆಕಾಳಾಗಿತ್ತು, ರಾಜನ ಕುದುರೆಗೂ ಒಂದು ಪಾಲಿತ್ತು.

ಇಲ್ಲೊಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ನನ್ನ ಮಾತನ್ನು ಉಲ್ಟಾ ಹಿಡಿಯುವವರೂ ಇದ್ದಾರೆ. ಬರಹದಲ್ಲಿ ಮೊದಲು ಸಿಕ್ಕ ದಿನವನ್ನು ಮಾತು ಹುಟ್ಟಿದ ದಿನ ಅಂತ ತಿಳಿಯಬೇಡಿ. ಒಂದು ಗಾದೆ ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿ ಸಿಕ್ಕಿತು ಅಂದರೆ, 1894ರ ಹೊತ್ತಿಗೆ ಅದು ಇತ್ತು ಅಂತ ಮಾತ್ರ ಅರ್ಥ. ಜನ ಅದನ್ನು ಎಷ್ಟೋ ಕಾಲದಿಂದ ಆಡುತ್ತಿದ್ದಿರಬಹುದು. ಹಾಗಾಗಿ ತಾರೀಖು ಒಂದೇ ಕಡೆಗೆ ಕೊಯ್ಯುವ ಕತ್ತಿ. ಹಳೆಯ ಬರಹ ಸಿಕ್ಕಿದರೆ ಹೊಸ ಕತೆ ಬಿದ್ದುಹೋಗುತ್ತದೆ. ಹಳೆಯ ಬರಹ ಸಿಗಲಿಲ್ಲ ಅಂತ ಮಾತು ಹೊಸದು ಅನ್ನುವ ಹಾಗಿಲ್ಲ.

ಕೆಲವು ಸಲ ಕಲ್ಲೂ ಬೇಡ, ಪುಸ್ತಕವೂ ಬೇಡ. ಮಾತಿನೊಳಗೆ ಇರುವ ವಸ್ತುವೇ ವಯಸ್ಸು ಹೇಳಿಬಿಡುತ್ತದೆ. ಈಗ ಆ ನಿಂಬೆಹಣ್ಣು ಮೆಣಸಿನಕಾಯಿಗೆ ಬರೋಣ. ದಾರದ ಮೂಲಕ ರಸ ಮೆಲ್ಲಗೆ ಗಾಳಿಗೆ ಸೇರಿ ಹುಳಹುಪ್ಪಟೆಗಳನ್ನು ಓಡಿಸುತ್ತದಂತೆ. ಸಾವಿರಾರು ವರ್ಷಗಳ ಹಿಂದೆಯೇ ಋಷಿಗಳು ಇದನ್ನು ಕಂಡುಕೊಂಡಿದ್ದರಂತೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಾದ ಮೇಲೆ ಪೋರ್ಚುಗೀಸರ ಹಡಗುಗಳಲ್ಲಿ ಈ ಕಾಯಿ ನಮ್ಮ ಕರಾವಳಿಗೆ ಬಂತು. ಅದಕ್ಕೂ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು, ಹಿಪ್ಪಲಿ, ಶುಂಠಿ. ಕಂಡೇ ಇರದ ಕಾಯಿಯನ್ನು ಯಾವ ಋಷಿ ಬಾಗಿಲಿಗೆ ಕಟ್ಟಲು ಸಾಧ್ಯ? ನಿಂಬೆಹಣ್ಣು ಒಂದನ್ನೇ ಕಟ್ಟುವ ರೂಢಿ ಇನ್ನೂ ಹಳೆಯದಿರಬಹುದು, ಅದರ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಮೆಣಸಿನಕಾಯಿ ಜೊತೆಗೂಡಿದ ರೂಪಕ್ಕೆ ಮಾತ್ರ ಸುಮಾರು 500 ವರ್ಷದ ಗಡಿ ಇದೆ.

ಹೆಸರಿನಲ್ಲೇ ಈ ಕತೆ ಉಳಿದಿದೆ. ‘ಮೆಣಸು’ ಅನ್ನುವುದು ಕಾಳುಮೆಣಸಿನ ಹೆಸರು. ಹೊಸದಾಗಿ ಬಂದ ಖಾರದ ಕಾಯಿಗೆ ಜನ ಅದೇ ಹೆಸರು ಕೊಟ್ಟರು, ‘ಮೆಣಸಿನಕಾಯಿ’ ಅಂದರು. ಕರಾವಳಿಯಲ್ಲಿ ಬರೀ ‘ಮೆಣಸು’ ಅಂದರೆ ಮೆಣಸಿನಕಾಯಿಯೇ ಆಗಿಹೋಯಿತು. ಆಗ ಹಳೆಯ ಮೆಣಸನ್ನು ಬೇರೆ ಮಾಡಿ ಹೇಳಬೇಕಲ್ಲ, ಅದು ‘ಒಳ್ಳೆಮೆಣಸು’ ಆಯಿತು. ತುಳುವಿನಲ್ಲೂ ಹಾಗೇ. ಮುಂಚಿ ಅಂದರೆ ಮೆಣಸಿನಕಾಯಿ, ಎಡ್ಡೆಮುಂಚಿ ಅಂದರೆ ಕಾಳುಮೆಣಸು. ಎಡ್ಡೆ ಅಂದರೆ ಒಳ್ಳೆಯದು. ನೆಂಟ ಬಂದು ಮನೆಯ ಯಜಮಾನನ ಹೆಸರನ್ನೇ ಇಟ್ಟುಕೊಂಡ. ಯಜಮಾನ ಬೇರೆ ಹೆಸರು ಹುಡುಕಿಕೊಳ್ಳಬೇಕಾಯಿತು. ಯಾವ ಫಾರ್ವರ್ಡ್ ಮೆಸೇಜಿನಲ್ಲೂ ನಾನು ಇದನ್ನು ಕಂಡಿಲ್ಲ. ಇಷ್ಟು ಚೆಂದದ ಸಂಗತಿ ಅಡುಗೆಮನೆಯ ಡಬ್ಬಿಯಲ್ಲೇ ಕೂತಿದೆ, ಅಲ್ವಾ?

ಇಂಥವು ಇನ್ನೂ ಇವೆ. ಪರಂಗಿ ಹಣ್ಣಿನ ‘ಪರಂಗಿ’ ಅಂದರೆ ಫರಂಗಿ, ಯುರೋಪಿನವರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಕಾಯಿಗಳ ‘ಸೀಮೆ’ ಹೊರದೇಶದ ಗುರುತು. ಕುರ್ಚಿ ಅರಬ್ಬಿಯದು. ಇನ್ನು ಪಕ್ಕಾ ನಮ್ಮದೇ ಮಾತು ಬೇಕು ಅಂದರೆ ‘ತಿಂಗಳು’ ನೋಡಿ. ಹಳಗನ್ನಡದಲ್ಲಿ ತಿಂಗಳ್ ಅಂದರೆ ಚಂದ್ರ. ಅವನು ಒಂದು ಸುತ್ತು ಮುಗಿಸುವ ಕಾಲವೂ ತಿಂಗಳು. ಬೆಳ್ ಅಂದರೆ ಬಿಳಿ, ಬೆಳ್ ಮತ್ತು ತಿಂಗಳ್ ಸೇರಿ ಬೆಳದಿಂಗಳು. ತಿಂಗಳ ಸಂಬಳ ಎಣಿಸುವಾಗಲೂ ನಾವು ಚಂದ್ರನ ಹೆಸರು ಹೇಳುತ್ತಿದ್ದೇವೆ.

ವಿಷಯಕ್ಕೆ ಬರುತ್ತೇನೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನುವ ಮಾತು. ಮನೆಗಳಲ್ಲಿ ಇದಕ್ಕೆ ಹೇಳುತ್ತಿದ್ದದ್ದು ಗಣಪತಿಯ ಕತೆ: ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆ ಹೋಯಿತು. ಈಗ ಅದರ ಜಾಗಕ್ಕೆ ಅಯಸ್ಕಾಂತ ಬಂದಿದೆ. ರಕ್ತದಲ್ಲಿ ಕಬ್ಬಿಣ ಇದೆ, ಭೂಮಿ ಅದನ್ನು ಎಳೆಯುತ್ತದೆ, ಹಿರಿಯರಿಗೆ ಇದು ಗೊತ್ತಿತ್ತು ಅಂತ ಹೇಳುತ್ತಾರೆ. ಇಲ್ಲೂ ನಾನು ವಯಸ್ಸನ್ನೇ ಕೇಳುತ್ತೇನೆ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಅಂತ ವಿಲಿಯಂ ಗಿಲ್ಬರ್ಟ್ ಇಂಗ್ಲೆಂಡಿನಲ್ಲಿ ಪುಸ್ತಕ ಬರೆದದ್ದು 1600ರಲ್ಲಿ. ರಕ್ತದ ಕಬ್ಬಿಣದ ತಿಳಿವಳಿಕೆ ಬಂದದ್ದು ಅದಕ್ಕೂ ಆಮೇಲೆ. ಅಷ್ಟೇ ಅಲ್ಲ, ರಕ್ತದ ಕಬ್ಬಿಣ ಮೊಳೆಯ ಹಾಗೆ ಅಯಸ್ಕಾಂತಕ್ಕೆ ಅಂಟುವಂಥದ್ದಲ್ಲ. ಭೂಮಿಯ ಕಾಂತಬಲ 25ರಿಂದ 65 ಮೈಕ್ರೋಟೆಸ್ಲಾ. ಒಂದು ಟೆಸ್ಲಾದ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರೋಟೆಸ್ಲಾ. ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ ಯಂತ್ರದ್ದು 1.5 ಟೆಸ್ಲಾ, ಅಂದರೆ 20,000 ಪಟ್ಟಿಗಿಂತ ಜಾಸ್ತಿ. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತ ತಲೆಗೆ ಸೇರುವುದಿಲ್ಲ. ನಾನು ವೈದ್ಯನಲ್ಲ, ಯಾರು ಯಾವ ದಿಕ್ಕಿಗೆ ಮಲಗಬೇಕು ಅಂತ ಹೇಳುವುದೂ ಇಲ್ಲ. ನಿಮ್ಮ ಮನೆಯಲ್ಲಿ ಉತ್ತರಕ್ಕೆ ಮಲಗುವುದಿಲ್ಲವಾದರೆ ಮಲಗಬೇಡಿ. ಗಣಪತಿಯ ಕತೆ ಹೇಳಿ. ಅಯಸ್ಕಾಂತವನ್ನು ಮಾತ್ರ ಹಿರಿಯರ ಬಾಯಿಗೆ ತುರುಕಬೇಡಿ. ಅವರು ಹೇಳದ ಮಾತನ್ನು ಅವರ ಹೆಸರಿನಲ್ಲಿ ಹೇಳುವುದು ಅವರಿಗೆ ಕೊಡುವ ಗೌರವ ಅಲ್ಲ.

ಲಕ್ಷ್ಮಣರೇಖೆಯೂ ವಯಸ್ಸಿನ ಲೆಕ್ಕದ್ದೇ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಲಕ್ಷ್ಮಣ ಗೆರೆ ಎಳೆಯುವುದಿಲ್ಲ. ವನದೇವತೆಗಳು ನಿನ್ನನ್ನು ಕಾಯಲಿ ಅಂತ ಸೀತೆಗೆ ಹೇಳಿ ಹೊರಡುತ್ತಾನೆ. ಗೆರೆ ಬಂದದ್ದು ಆಮೇಲಿನ ರಾಮಾಯಣಗಳಲ್ಲಿ.

ವಯಸ್ಸು ಸಿಗದ ಮಾತುಗಳೇ ಜಾಸ್ತಿ. ಆಗ ನಾನು ಇನ್ನೊಂದನ್ನು ನೋಡುತ್ತೇನೆ. ಹೇಳುವ ಕಾರಣ ಪೂರ್ತಿ ಮಾತನ್ನು ಹೊರುತ್ತದೆಯೋ, ಅರ್ಧವನ್ನು ಮಾತ್ರವೋ? ಬೆಕ್ಕು ಅಡ್ಡ ಬಂದರೆ ನಿಲ್ಲುವುದಕ್ಕೆ ಕೊಡುವ ಕಾರಣ ನಿಮಗೂ ಬಂದಿರುತ್ತದೆ. ರಾತ್ರಿ ಗಾಡಿಯ ಎತ್ತುಗಳು ಬೆಕ್ಕಿನ ಹೊಳೆಯುವ ಕಣ್ಣು ಕಂಡು ಬೆದರುತ್ತಿದ್ದವು, ಅದಕ್ಕೇ ಗಾಡಿ ನಿಲ್ಲಿಸುತ್ತಿದ್ದರು. ಸರಿ, ಹಗಲು ಹೊತ್ತು ನಡೆದು ಹೋಗುವವರು ಯಾಕೆ ನಿಲ್ಲುತ್ತಾರೆ? ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸುವ ಪೊರೆ ನಾಯಿಗೂ ಇದೆ, ನರಿಗೂ ಇದೆ, ಆ ಎತ್ತಿಗೂ ಇದೆ. ನಾಯಿ ಅಡ್ಡ ಬಂದರೆ ಯಾರೂ ಮನೆಗೆ ವಾಪಸ್ ಹೋಗಿ ನೀರು ಕುಡಿದು ಬರುವುದಿಲ್ಲ. ನರಿಯಂತೂ ಶುಭ. ಯಾರಿಗಾದರೂ ಅದೃಷ್ಟ ಒಲಿದರೆ “ಬೆಳಗ್ಗೆ ನರಿ ಮುಖ ನೋಡಿದ್ದೆಯಾ?” ಅಂತ ಕೇಳುತ್ತೇವೆ. ಕಣ್ಣಿನ ಹೊಳಪೇ ಕಾರಣ ಆಗಿದ್ದರೆ ನರಿಗೂ ಬೆಕ್ಕಿಗೂ ಒಂದೇ ಗತಿ ಆಗಬೇಕಿತ್ತು.

ಆಷಾಢದ ವಿಷಯದಲ್ಲಿ ನಾನು ಸ್ವಲ್ಪ ಮೆತ್ತಗಾಗುತ್ತೇನೆ. ಹೊಸ ಗಂಡ ಹೆಂಡತಿಯನ್ನು ಆ ತಿಂಗಳು ದೂರ ಇಡುವುದು ಬೇಸಿಗೆಯಲ್ಲಿ ಹೆರಿಗೆ ಆಗಬಾರದು ಅಂತ, ಅನ್ನುತ್ತಾರೆ. ಆಷಾಢದಿಂದ ಒಂಬತ್ತು ತಿಂಗಳು ಎಣಿಸಿದರೆ ಚೈತ್ರ ಬರುತ್ತದೆ, ಲೆಕ್ಕ ತಪ್ಪಿಲ್ಲ. ಆದರೆ ಅದೇ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅನ್ನುವ ಮಾತೂ ಇದೆ. ಹೆರಿಗೆಯ ಕಾರಣಕ್ಕೆ ಅತ್ತೆಯನ್ನು ಯಾಕೆ ದೂರ ಇಡಬೇಕು? ಮುಂಗಾರಿನ ಹೊಲದ ಕೆಲಸ, ಸೊಸೆಗೆ ತವರಿನಲ್ಲಿ ಒಂದು ತಿಂಗಳ ಬಿಡುವು, ಇವೂ ಸೇರಿರಬಹುದು. ಒಂದು ರೂಢಿಗೆ ಒಂದೇ ಬೇರು ಇರಬೇಕು ಅಂತ ಯಾರು ಹೇಳಿದರು? ಇಂಥ ಕಡೆ ನಾನು ‘ಇರಬಹುದು’ ಅಂತ ಬರೆದು ನಿಲ್ಲಿಸುತ್ತೇನೆ. ಜನಕ್ಕೆ ಆ ‘ಇರಬಹುದು’ ಹಿಡಿಸುವುದಿಲ್ಲ. “ನಿಮಗೆ ಗೊತ್ತಿಲ್ವಾ ಸಾರ್?” ಅನ್ನುತ್ತಾರೆ. ನನ್ನ ಕೆಲಸದಲ್ಲಿ ಅತಿ ಹೆಚ್ಚು ಬಳಸಬೇಕಾದ ಪದವೇ ಅದು.

ಶಕುನಗಳು ಹುಟ್ಟುವ ಒಂದು ದಾರಿಯನ್ನು ಮಾತ್ರ ನಮ್ಮ ಗಾದೆಯೇ ಹೇಳಿದೆ. “ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.” ಸಂಸ್ಕೃತದ ‘ಕಾಕತಾಳೀಯ’ವೂ ಇದೇ. ಅಲ್ಲಿ ತಾಳೆಮರ, ಕಾಗೆ ಬಂದ ಹೊತ್ತಿಗೇ ಹಣ್ಣು ಬಿತ್ತು. ಕೊಂಬೆ ಮುರಿದ ದಿನ ನೆನಪಿರುತ್ತದೆ. ಕಾಗೆ ಸುಮ್ನೆ ಕೂತು ಹಾರಿಹೋದ ನೂರು ದಿನ ಯಾರ ನೆನಪಿನಲ್ಲೂ ಇರುವುದಿಲ್ಲ. ಇದನ್ನು ಕಂಡು ಐದು ಪದದಲ್ಲಿ ಕಟ್ಟಿಟ್ಟವರೂ ನಮ್ಮ ಹಿರಿಯರೇ. ಅವರ ಜಾಣತನಕ್ಕೆ ಸಾಕ್ಷಿ ಬೇಕು ಅನ್ನುವವರು ಅಯಸ್ಕಾಂತ ಹುಡುಕಿಕೊಂಡು ಯಾಕೆ ಹೋಗಬೇಕು?

ನನಗೆ ಬೇಕಾದ್ದು ನೀವು ಕೇಳಿದ ಮಾತು, ಕೇಳಿದ ಹಾಗೆಯೇ. ಯಾರು ಹೇಳಿದರು, ಯಾವ ಊರಿನವರು, ಅವರಿಗೆ ಯಾರು ಹೇಳಿದ್ದರು, ಯಾವ ಸಂದರ್ಭದಲ್ಲಿ ಆಡುತ್ತಿದ್ದರು. ಕಾರಣವನ್ನು ನೀವು ಸೇರಿಸಬೇಡಿ. ಹೇಳಿದವರೇ ಕಾರಣ ಕೊಟ್ಟರೆ ಅವರ ಮಾತಿನಲ್ಲೇ ಬರೆದುಕೊಳ್ಳಿ.

ಕಾಲೇಜಿನಲ್ಲಿ ಎದ್ದು ನಿಂತಿದ್ದರಲ್ಲ, ಅವರ ಮೊಮ್ಮಗಳು ಆಮೇಲೆ ನನಗೆ ಒಂದು ಹಾಳೆ ಕಳಿಸಿದಳು. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಅನ್ನುವ ಮಾತನ್ನು ತನ್ನ ಅಜ್ಜಿಯ ಹತ್ತಿರ ಕೇಳಿ ಬರೆದುಕೊಂಡಿದ್ದಳು. “ಯಾಕಜ್ಜಿ?” ಅಂತ ಕೇಳಿದ್ದಳು. “ಯಾಕೋ ಏನೋ ಪುಟ್ಟಿ. ನಮ್ಮಮ್ಮ ಗುಡಿಸ್ತಿರಲಿಲ್ಲ, ನಾನೂ ಗುಡಿಸಲ್ಲ. ಪೊರಕೆ ಮುಟ್ಟಿದರೆ ಅಮ್ಮ ನೆನಪಾಗ್ತಾಳೆ.” ಹುಡುಗಿ ಒಂದಕ್ಷರ ಸೇರಿಸಿರಲಿಲ್ಲ. ಅದನ್ನು ಹಾಗೆಯೇ ಚೀಟಿಗೆ ಇಳಿಸಿದೆ. ‘ಕಾರಣ’ ಅನ್ನುವ ಜಾಗದಲ್ಲಿ ಅಜ್ಜಿಯ ಆ ಮೂರು ಸಾಲು ಬರೆದಿದ್ದೇನೆ.