ಫೋಲ್ಡರ್ ಕಾಪಿ ಮಾಡಿದರೆ ಬ್ಯಾಕಪ್ ಆಗುವುದಿಲ್ಲ

ರಾಯಚೂರಿನ ಹತ್ತಿ ಅಡತಿ ಅಂಗಡಿಯಿರಲಿ, ಗಂಗಾವತಿಯ ಅಕ್ಕಿ ಗಿರಣಿಯಿರಲಿ, ಲೆಕ್ಕವೆಲ್ಲ ಈಗ ಡೇಟಾಬೇಸಿಗೆ ಸೇರುತ್ತಿದೆ. ಅಮಾವಾಸ್ಯೆ ಬಂದರೆ ಆ ಸರ್ವರಿಗೂ ಕುಂಕುಮ, ನಿಂಬೆಹಣ್ಣು. ಪೂಜೆಗೆ ನನ್ನ ತಕರಾರಿಲ್ಲ. ಆದರೆ ಅದೇ ಸರ್ವರ್ ವರ್ಷಗಟ್ಟಲೆ ಒಂದೂ ಅಪ್‌ಡೇಟ್ ಕಂಡಿರುವುದಿಲ್ಲ. ಕೇಳಿದರೆ, "ಛಲೋ ನಡದೈತಿ, ಸುಮ್ನ ಯಾಕ್ ಮುಟ್ಟೋದು?" ಅನ್ನುತ್ತಾರೆ. ನನಗೆ ಚಿಂತೆ ಹಚ್ಚುವ ಮೂಢನಂಬಿಕೆ ಇದೇ.

2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಕಂಪ್ಯೂಟರ್ ಹುಳು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಓಡುತ್ತಿದ್ದ ಮಷಿನ್‌ಗಳಿಗೆ ನುಗ್ಗಿತು. ಅದರ ಗಾತ್ರ ಬರೀ 376 ಬೈಟ್. ಶುರುವಿನಲ್ಲಿ ಸುಮಾರು 8.5 ಸೆಕೆಂಡಿಗೊಮ್ಮೆ ದುಪ್ಪಟ್ಟಾಯಿತು. ಹತ್ತೇ ನಿಮಿಷದಲ್ಲಿ, ಅದಕ್ಕೆ ಸಿಗಬಹುದಾದ ಮಷಿನ್‌ಗಳಲ್ಲಿ ಹೆಚ್ಚಿನವು ಸಿಕ್ಕಿಬಿದ್ದವು. ಆ ಕಿಂಡಿ ಮುಚ್ಚುವ ಪ್ಯಾಚ್ 2002ರ ಜುಲೈನಲ್ಲೇ ಬಂದಿತ್ತು. ಆ ಮಷಿನ್‌ಗಳೂ ಆವತ್ತಿನವರೆಗೆ ಚೆನ್ನಾಗಿಯೇ ಓಡುತ್ತಿದ್ದವು.

ಹಾಗಂತ ಇವತ್ತೇ ಅಪ್‌ಡೇಟ್ ಬಟನ್ ಒತ್ತಬೇಡಿ. ಮೊದಲು ಬ್ಯಾಕಪ್. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಓಡುತ್ತಿರುವ ಡೇಟಾಬೇಸಿನ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದುಕೊಂಡು, ಮುಗೀತು ಅಂದುಕೊಳ್ಳುತ್ತಾರೆ. ಅದು ಯಾಕೆ ಸಾಲದು ಅನ್ನುವುದೇ ನನಗೆ ಬಹಳ ಇಷ್ಟವಾದ ವಿಷಯ.

ಅಡತಿ ಅಂಗಡಿಯ ಗುಮಾಸ್ತರನ್ನು ನೋಡಿ. ವ್ಯವಹಾರ ಆದ ಕೂಡಲೇ ಕಿರ್ದಿಯಲ್ಲಿ ಬರೆಯುತ್ತಾರೆ. ರೈತನ ಖಾತೆ ಪುಟಕ್ಕೆ ಏರಿಸುವುದು ಆಮೇಲೆ, ಪುರುಸೊತ್ತಾದಾಗ. ಡೇಟಾಬೇಸೂ ಹಾಗೆಯೇ. ಪ್ರತಿ ಬದಲಾವಣೆಯನ್ನು ಮೊದಲು ಲಾಗ್ ಫೈಲಿಗೆ ಬರೆಯುತ್ತದೆ. ಅದು ಡಿಸ್ಕಿಗೆ ಸೇರಿದ ಮೇಲೆಯೇ 'ಸೇವ್ ಆಯಿತು' ಎನ್ನುತ್ತದೆ. ಟೇಬಲ್ ಫೈಲುಗಳನ್ನು ತಿದ್ದುವುದು ನಿಧಾನವಾಗಿ. ಕರೆಂಟ್ ಹೋಗಿ ಬಂದರೆ ಲಾಗ್ ಓದಿ, ಏರಿಸದೆ ಉಳಿದದ್ದನ್ನು ಏರಿಸುತ್ತದೆ, ಅರ್ಧಕ್ಕೆ ನಿಂತದ್ದನ್ನು ಲೆಕ್ಕದಿಂದ ಬಿಡುತ್ತದೆ. ಈ ಜಾಣತನವನ್ನು ಏರೀಸ್ ಎಂಬ ಹೆಸರಿನಲ್ಲಿ 1992ರಲ್ಲಿ ವಿವರವಾಗಿ ಬರೆದವರು ಐಬಿಎಮ್‌ನ ಸಿ. ಮೋಹನ್ ಮತ್ತು ಸಂಗಡಿಗರು. ಮೋಹನ್ ಮದ್ರಾಸ್ ಐಐಟಿಯಲ್ಲಿ ಓದಿದವರು.

ಈಗ ಆ ಪೆನ್‌ಡ್ರೈವಿಗೆ ಬನ್ನಿ. ಮೊದಲ ಫೈಲ್ ಕಾಪಿಯಾದದ್ದು ಹತ್ತು ಗಂಟೆಗೆ, ಕೊನೆಯದ್ದು ಹತ್ತೂವರೆಗೆ ಅಂದುಕೊಳ್ಳಿ. ನಡುವೆ ಬಿಲ್ಲುಗಳು ಬಿದ್ದಿವೆ. ಒಂದು ಫೈಲಿನಲ್ಲಿ ಹಣ ಬಂದಿದೆ, ಇನ್ನೊಂದರಲ್ಲಿ ಬಂದಿಲ್ಲ. ಯಾವ ಗಳಿಗೆಯ ಲೆಕ್ಕವೂ ಅದರಲ್ಲಿ ಪೂರ್ತಿ ಇಲ್ಲ. ಅದಕ್ಕೇ ಒಂದೇ ಗಳಿಗೆಯ ಲೆಕ್ಕವನ್ನು ಪೂರ್ತಿ ತೆಗೆದುಕೊಡುವ ಸಾಧನಗಳು ಬೇಕು: ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಪಿಜಿ-ಡಂಪ್, ಮೈಎಸ್‌ಕ್ಯೂಎಲ್ ಎಂಬುದಕ್ಕೆ ಮೈಎಸ್‌ಕ್ಯೂಎಲ್-ಡಂಪ್, ಇಂಥವು.

ಅವೂ ಕೈಕೊಡುತ್ತವೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಡೇಟಾಬೇಸ್ ತಪ್ಪಿ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಇರಲೇ ಇಲ್ಲ. ಅವರ ಪೋಸ್ಟ್‌ಗ್ರೆಸ್ 9.6ನೇ ಆವೃತ್ತಿಯದು, ಓಡುತ್ತಿದ್ದ ಪಿಜಿ-ಡಂಪ್ 9.2ರದು. ಹಾಗಾಗಿ ಡಂಪ್ ಫೇಲಾಗುತ್ತಿತ್ತು, ಎಚ್ಚರಿಕೆಯ ಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಬೇರೊಂದು ನಕಲು ಹೇಗೋ ಸಿಕ್ಕಿತು. ಅದರ ನಂತರದ ಆರು ಗಂಟೆಯ ಡೇಟಾ ಹೋಯಿತು.

ಆದ್ದರಿಂದ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ. ಅಪ್‌ಡೇಟನ್ನೂ ಅಲ್ಲೇ ಮೊದಲು ಹಾಕಿ. ಹೋದ ತಿಂಗಳ ಮೊತ್ತ ತಾಳೆ ನೋಡಿ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಪೋಸ್ಟ್‌ಗ್ರೆಸ್‌ನಲ್ಲಿ 16.3ರಿಂದ 16.4ಕ್ಕೆ ಹೋಗುವುದು ಸಣ್ಣ ಕೆಲಸ. 12ರಿಂದ 16ಕ್ಕೆ ಹೋಗುವುದು ಹಾಗಲ್ಲ, ಡೇಟಾವನ್ನೇ ಸಾಗಿಸಬೇಕು. ಆ 12ಕ್ಕೆ ಬೆಂಬಲ 2024ರ ನವೆಂಬರಿಗೇ ನಿಂತಿದೆ.

ದಿನ ಗೊತ್ತುಮಾಡಲು ಪಂಚಾಂಗ ಬೇಡ. ಹತ್ತಿಯ ಆವಕ ಜೋರಾಗಿರುವ ವಾರ ಬಿಟ್ಟು, ಯುಪಿಎಸ್ ಬ್ಯಾಟರಿ ಚೆನ್ನಾಗಿರುವ ಒಂದು ರಾತ್ರಿ ಸಾಕು.

ಲಿನಕ್ಸನ್ನೂ ಜೊತೆಗೇ ಬದಲಿಸುವವರಿಗೆ ಇನ್ನೊಂದು ಮಾತು. ಲಿನಕ್ಸಿನ ಪ್ರೋಗ್ರಾಮ್‌ಗಳು ನೆಚ್ಚಿಕೊಂಡ ಮೂಲ ಲೈಬ್ರರಿ ಜಿಲಿಬ್‌ಸಿ. ಅದರ 2018ರ 2.28ನೇ ಆವೃತ್ತಿಯಲ್ಲಿ ಅಕ್ಷರಗಳನ್ನು ಜೋಡಿಸುವ ಕ್ರಮವೇ ಬದಲಾಯಿತು. ಇಂಡೆಕ್ಸ್ ಅಂದರೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಅಕಾರಾದಿ ಪಟ್ಟಿ. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸಿನಲ್ಲಿ ಹೊಸ ಕ್ರಮದಿಂದ ಹುಡುಕಿದರೆ, ಇರುವ ರೈತನ ಹೆಸರೂ ಸಿಗದೇ ಹೋಗಬಹುದು. ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಿದ ಮೇಲೆಯೇ ಬಿಲ್ಲಿಂಗ್ ಶುರು ಮಾಡಿ.