ಹೆರುವವಳು ಒಬ್ಬಳು, ತೀರ್ಮಾನ ಯಾರದು?

ಮಕ್ಕಳು ಹೆಚ್ಚಾದ್ದರಿಂದ ಬಡತನವೋ, ಬಡತನ ಇರುವುದರಿಂದ ಹೆಚ್ಚು ಮಕ್ಕಳೋ? ಜನಸಂಖ್ಯೆಯ ಏರಿಕೆಯ ಬಗ್ಗೆ ಎಚ್ಚರಿಸಿದ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಮಾಲ್ತಸ್ ಕಾಲದಿಂದಲೂ ಈ ವಾದ ನಡೆದೇ ಇದೆ. ವಾದಿಸುವವರು ಬಹುಮಟ್ಟಿಗೆ ಇಡೀ ಕುಟುಂಬಕ್ಕೆ ಒಂದೇ ಮನಸ್ಸು ಎಂದುಕೊಂಡುಬಿಡುತ್ತಾರೆ. ಬಸಿರು, ಹೆರಿಗೆಯ ಅಪಾಯ, ಎದೆಹಾಲು, ರಾತ್ರಿಯ ನಿದ್ದೆಗೇಡು ಹೆಂಗಸಿನ ಪಾಲಿಗೆ. ಎಷ್ಟು ಮಕ್ಕಳು ಬೇಕೆಂಬ ತೀರ್ಮಾನ ಮಾತ್ರ ಅನೇಕ ಕಡೆ ಗಂಡನದು, ಅತ್ತೆಯದು.

ಆಫ್ರಿಕಾದ ಜಾಂಬಿಯಾ ದೇಶದ ರಾಜಧಾನಿ ಲುಸಾಕಾದಲ್ಲಿ ನಡೆದ ಒಂದು ಪ್ರಯೋಗ ಇದನ್ನು ಕಣ್ಣಿಗೆ ಕಾಣಿಸಿತು. ಮದುವೆಯಾದ ಹೆಂಗಸರಿಗೆ ಒಂದು ಚೀಟಿ ಕೊಟ್ಟರು. ಅದನ್ನು ತೋರಿಸಿದರೆ ಕುಟುಂಬ ಯೋಜನೆಯ ನರ್ಸ್ ಅನ್ನು ಹೆಚ್ಚು ಕಾಯದೆ ಕಾಣಬಹುದು, ಇಂಜೆಕ್ಷನ್‌ನಂಥ ಗರ್ಭನಿರೋಧಕ ಉಚಿತವಾಗಿ ಪಡೆಯಬಹುದು. ಕೆಲವರಿಗೆ ಚೀಟಿ ಕೊಟ್ಟದ್ದು ಗಂಡನ ಎದುರಿಗೆ, ಉಳಿದವರಿಗೆ ಒಬ್ಬೊಬ್ಬರೇ ಇದ್ದಾಗ. ಗಂಡನಿಗೆ ಗೊತ್ತಿದ್ದ ಕಡೆ ಚೀಟಿಯ ಬಳಕೆ ಕಡಿಮೆಯಾಯಿತು, ಹೆರಿಗೆಗಳು ಹೆಚ್ಚಾದವು. ಊರು ಅದೇ, ಬಡತನ ಅದೇ, ಔಷಧಿಯೂ ಅದೇ!

ಹಾಗೆಂದು ಹೆಂಗಸರಿಗೆ ಯಾವಾಗಲೂ ಕಡಿಮೆ ಮಕ್ಕಳೇ ಬೇಕು ಎನ್ನುವಂತಿಲ್ಲ. ಹೆಸರಿನಲ್ಲಿ ಜಮೀನಿಲ್ಲ, ಕೈಯಲ್ಲಿ ಸಂಪಾದನೆಯಿಲ್ಲ. ಗಂಡ ತೀರಿಕೊಂಡ ಮೇಲೆ ಆಸರೆ ಎಂದರೆ ಮಗನೊಬ್ಬನೇ. ಅಂಥವಳು ಗಂಡು ಹುಟ್ಟುವವರೆಗೂ ಹೆರುತ್ತಾಳೆ. ಇದನ್ನು ಅಜ್ಞಾನ ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವಳ ಲೆಕ್ಕ ಸರಿಯಾಗಿಯೇ ಇದೆ. ಅವಳನ್ನು ಆ ಲೆಕ್ಕಕ್ಕೆ ದೂಡಿದ ಆಸ್ತಿ ಕಾನೂನು, ಕೂಲಿಯ ತಾರತಮ್ಯ ಸರಿಯಿಲ್ಲ. ಎಳೆಯ ತಮ್ಮಂದಿರನ್ನು ನೋಡಿಕೊಳ್ಳಲು ಶಾಲೆ ಬಿಡುವವಳು ಹಿರಿಯ ಮಗಳು. ಬೇಗ ಮದುವೆಯಾಗಿ, ಅವಳೂ ಇದೇ ಲೆಕ್ಕಕ್ಕೆ ಬಂದು ನಿಲ್ಲುತ್ತಾಳೆ.

ಬಾಂಗ್ಲಾದೇಶದ ಮತ್ಲಬ್‌ನಲ್ಲಿ 1977ರಲ್ಲಿ ಬೇರೆ ದಾರಿ ಹಿಡಿದರು. ಪರದಾ ಪದ್ಧತಿಯಿಂದಾಗಿ ಹೆಂಗಸರು ಆಸ್ಪತ್ರೆಗೆ ಹೋಗುವುದೇ ಕಷ್ಟ. ಹಾಗಾಗಿ ಅದೇ ಊರುಗಳ ಓದಿದ ಹೆಂಗಸರು ಮನೆಮನೆಗೆ ಹೋಗಿ ಮಾತ್ರೆ, ಇಂಜೆಕ್ಷನ್ ತಲುಪಿಸಿದರು, ಅಡ್ಡ ಪರಿಣಾಮಗಳ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಸುಮಾರು 20 ವರ್ಷಗಳ ನಂತರ ನೋಡಿದಾಗ, ಈ ಸೇವೆ ಸಿಗದ ಹಳ್ಳಿಗಳಿಗಿಂತ ಇಲ್ಲಿ ಜನನ ಪ್ರಮಾಣ ಸುಮಾರು ಶೇ. 15ರಷ್ಟು ಕಡಿಮೆಯಿತ್ತು, ಹೆಂಗಸರ ಆರೋಗ್ಯವೂ ಸುಧಾರಿಸಿತ್ತು.

ಆದರೂ ಹೆಂಡತಿ ಗುಟ್ಟಾಗಿ ಇಂಜೆಕ್ಷನ್ ತೆಗೆದುಕೊಳ್ಳುವುದೇ ಪರಿಹಾರವಾಗಬಾರದು. ಲುಸಾಕಾದಲ್ಲೇ ಮುಂದೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಹೆರಿಗೆಯಲ್ಲಿ ತಾಯಿ ಸಾಯುವ ಅಪಾಯ ಯಾರಿಗೆ, ಯಾವಾಗ ಹೆಚ್ಚು ಎಂಬುದನ್ನು ಗಂಡಸರಿಗೆ ಬಿಡಿಸಿ ಹೇಳಿದರು. ಅನೇಕರಿಗೆ ಅದು ತಿಳಿದೇ ಇರಲಿಲ್ಲ. ಮುಂದಿನ ವರ್ಷ ಆ ಮನೆಗಳಲ್ಲಿ ಬಸಿರುಗಳ ಸಂಖ್ಯೆ ಇಳಿಯಿತು.