ಕ್ಯಾನ್ಸರ್‌ಕಾರಕ ಎಂದರೆ ವಿಷ ಎಂದಲ್ಲ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ನಿರ್ಧಾರ ಸರಿಯಾದದ್ದೇ. ಸಿಕ್ಕಿಬಿದ್ದ ರೋಡಮೈನ್-ಬಿ ಬಟ್ಟೆಗೂ ಕಾಗದಕ್ಕೂ ಹಾಕುವ ಬಣ್ಣ, ತಿನ್ನುವ ಪದಾರ್ಥಕ್ಕೆ ಹಾಕಲು ನಮ್ಮಲ್ಲಿ ಅನುಮತಿಯೇ ಇಲ್ಲ. ತಕರಾರು ಇರುವುದು ಸುದ್ದಿಯ ಜೊತೆ ಊರೆಲ್ಲ ಹಬ್ಬಿದ ‘ಕ್ಯಾನ್ಸರ್‌ಕಾರಕ ವಿಷ’ ಎಂಬ ಜೋಡಿಪದದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿ ರೋಡಮೈನ್-ಬಿ ಇರುವುದು 3ನೇ ಗುಂಪಿನಲ್ಲಿ, ಅಂದರೆ ‘ಮನುಷ್ಯರ ಮಟ್ಟಿಗೆ ಹೀಗೆ ಎಂದು ವರ್ಗೀಕರಿಸಲು ಪುರಾವೆ ಸಾಲದು’ ಎಂಬ ಗುಂಪಿನಲ್ಲಿ. ಆಮೇಲೆ ಕೇಕಿನ ಬಣ್ಣ ಬಂತು, ಇಡ್ಲಿ ತಟ್ಟೆಗೆ ಹಾಸುವ ಪ್ಲಾಸ್ಟಿಕ್ ಹಾಳೆ ಬಂತು. ಪ್ರತಿ ಸಲವೂ ಅದೇ ಪದ, ಅದೇ ಅರ್ಥದಲ್ಲಿ: ತಿಂದರೆ ಕೆಟ್ಟದ್ದು.

ಪದದ ಹುಟ್ಟನ್ನು ನೋಡಿದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಇಂಗ್ಲಿಷಿನ ಕಾರ್ಸಿನೋಜೆನ್‌ನಲ್ಲಿ ಎರಡು ಗ್ರೀಕ್ ತುಂಡುಗಳಿವೆ. ಮೊದಲನೆಯದು ಕಾರ್ಕಿನೋಸ್, ಅಂದರೆ ಏಡಿ. ಹಿಪಾಕ್ರಟೀಸ್ ಪರಂಪರೆಯ ವೈದ್ಯರು ಗೆಡ್ಡೆಗೆ ಈ ಹೆಸರಿಟ್ಟರು. ಗೆಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲಿನ ಹಾಗೆ ಹರಡಿರುತ್ತವೆ ಎಂದು ಮುಂದೆ ಗೇಲನ್ ವಿವರಿಸಿದ. ಅದೇ ಏಡಿಗೆ ಲ್ಯಾಟಿನ್ನಿನಲ್ಲಿ ಕ್ಯಾನ್ಸರ್, ನಮ್ಮ ಪಂಚಾಂಗದಲ್ಲಿ ಕರ್ಕಾಟಕ. ಸುಶ್ರುತ ಸಂಹಿತೆಯ ‘ಅರ್ಬುದ’ಕ್ಕೆ ಮಾತ್ರ ಏಡಿಯ ನಂಟಿಲ್ಲ, ಅದು ಗೆಡ್ಡೆಯನ್ನಷ್ಟೇ ಹೇಳುವ ಪದ.

ಎರಡನೆಯ ತುಂಡು ಜೆನ್. ಇದು ಸಂಸ್ಕೃತದ ‘ಜನ್’ ಧಾತುವಿನ ದಾಯಾದಿ. ನಮ್ಮ ಪಠ್ಯಪುಸ್ತಕ ಬರೆದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆಕ್ಸಿಜನ್ನನ್ನು ಆಮ್ಲಜನಕ, ಹೈಡ್ರೋಜನ್ನನ್ನು ಜಲಜನಕ ಎಂದದ್ದು ಈ ಲೆಕ್ಕದ ಮೇಲೆಯೇ. ಹಾಗೆ ನೋಡಿದರೆ ಕಾರ್ಸಿನೋಜೆನ್‌ಗೆ ‘ಕ್ಯಾನ್ಸರ್‌ಜನಕ’ ಎಂಬುದೇ ಒಪ್ಪುವ ಕನ್ನಡ. ಬಳಕೆಯಲ್ಲಿ ಗೆದ್ದದ್ದು ‘ಕಾರಕ’. ಗೆದ್ದ ಪದದ ಜೊತೆ ಜಗಳವಿಲ್ಲ. ಆದರೆ ‘ಮಾರಕ’ದ ಜೊತೆ ಅದರ ಪ್ರಾಸ ಕೂಡಿ, ಕಿವಿಗೆ ಎರಡೂ ಒಂದೇ ಆಗಿಬಿಟ್ಟಿವೆ. ಜನಕ ಎಂದಿದ್ದರೆ ಹುಟ್ಟು ನೆನಪಾಗುತ್ತಿತ್ತು. ಈ ವಸ್ತುಗಳ ಮುಖ್ಯ ಕೆಲಸ ಜೀವಕೋಶವನ್ನು ಕೊಲ್ಲುವುದಲ್ಲ, ಕೆಟ್ಟು ಉಳಿದ ಕೋಶದಿಂದ ಒಂದು ಸಂತತಿಯನ್ನೇ ಹುಟ್ಟಿಸುವುದು. ಸತ್ತ ಕೋಶದಿಂದ ಗೆಡ್ಡೆ ಬೆಳೆಯುವುದಿಲ್ಲ.

ಶೇಂಗಾ, ಮೆಕ್ಕೆಜೋಳಕ್ಕೆ ಹಿಡಿಯುವ ಹಳದಿ-ಹಸಿರು ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್ ತಯಾರಿಸುವ ಅಫ್ಲಾಟಾಕ್ಸಿನ್ ಬಿ1 ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅದು ವಿಷವೂ ಹೌದು, ಕ್ಯಾನ್ಸರ್‌ಕಾರಕವೂ ಹೌದು. 1974ರಲ್ಲಿ ರಾಜಸ್ಥಾನ-ಗುಜರಾತ್‌ನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು, ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಅದು ವಿಷ: ಪ್ರಮಾಣ ದೊಡ್ಡದು, ಸಾವು ವಾರಗಳಲ್ಲಿ, ಕ್ಯಾನ್ಸರ್‌ನ ಪ್ರಶ್ನೆಯೇ ಇಲ್ಲ. ಅದೇ ಅಣು ಮೈಕ್ರೋಗ್ರಾಂ ಲೆಕ್ಕದಲ್ಲಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕ್ಯಾನ್ಸರ್‌ಕಾರಕವಾಗಿ ಅದು ಕೆಲಸ ಮಾಡುವುದು ಹೀಗೆ.

ಬಿ1 ತಾನಾಗಿ ಡಿಎನ್‌ಎಗೆ ಅಂಟುವುದಿಲ್ಲ. ಮೈಯಿಂದ ಹೊರಹಾಕಲು ಅನುಕೂಲವಾಗಲೆಂದು ಪಿತ್ತಜನಕಾಂಗದ ಸೈಟೋಕ್ರೋಮ್ ಪಿ450 ಕಿಣ್ವಗಳು ಅದಕ್ಕೆ ಆಮ್ಲಜನಕ ಸೇರಿಸುತ್ತವೆ. ಹುಟ್ಟುವುದು ಎಪಾಕ್ಸೈಡ್ ಎಂಬ, ಬೇರೆ ಅಣುಗಳಿಗೆ ಥಟ್ಟನೆ ಅಂಟುವ ಬಹಳ ಚುರುಕಾದ ರೂಪ. ಶುದ್ಧಿ ಮಾಡಲು ಹೊರಟ ಅಂಗದಲ್ಲೇ ಅಪಾಯದ ರೂಪ ತಯಾರಾಗುವುದರಿಂದ ಕ್ಯಾನ್ಸರ್ ಬರುವುದೂ ಅಲ್ಲೇ. ಕೋಶದೊಳಗಿನ ಗ್ಲುಟಾಥಯೋನ್ ಎಂಬ ರಕ್ಷಕ ಅಣು ಈ ಎಪಾಕ್ಸೈಡನ್ನು ಮೊದಲೇ ಹಿಡಿದುಬಿಟ್ಟರೆ ಕಥೆ ಮುಗಿಯಿತು. ಅದಕ್ಕೆ ಬೇಕಾದ ಕಿಣ್ವ ಇಲಿಮರಿಯಷ್ಟು ಸಣ್ಣ ಸುಂಡಿಲಿಯಲ್ಲಿ ಧಾರಾಳವಾಗಿದೆ, ಹಾಗಾಗಿ ಅದು ತಡೆದುಕೊಳ್ಳುತ್ತದೆ. ದೊಡ್ಡ ಇಲಿಗೆ ಗೆಡ್ಡೆ ಬರುತ್ತದೆ.

ತಪ್ಪಿಸಿಕೊಂಡ ಎಪಾಕ್ಸೈಡ್ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್‌ಗೆ ಅಂಟಿಕೊಳ್ಳುತ್ತದೆ. ಗಮನಿಸಿ, ಇದು ಇನ್ನೂ ಮ್ಯುಟೇಶನ್ ಅಲ್ಲ. ಇದು ಹಾನಿ. ಕೋಶದ ದುರಸ್ತಿ ಕಿಣ್ವಗಳು ಆ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿಕೊಂಡು ಸರಿಯಾದ ಅಕ್ಷರ ತುಂಬಬಲ್ಲವು. ಬಹುಪಾಲು ಹಾಗೆಯೇ ಆಗುತ್ತದೆ. ದುರಸ್ತಿಗೆ ಮೊದಲೇ ಕೋಶ ವಿಭಜನೆಗೆ ಇಳಿದರೆ ಎಡವಟ್ಟು. ನಕಲು ಮಾಡುವ ಕಿಣ್ವ ವಿಕಾರಗೊಂಡ ಗ್ವಾನಿನ್ ಎದುರು ಸೈಟೋಸಿನ್ ಬದಲು ಅಡೆನಿನ್ ಕೂರಿಸುತ್ತದೆ. ಮುಂದಿನ ಸುತ್ತಿನಲ್ಲಿ ಆ ಅಡೆನಿನ್ ಎದುರು ಥೈಮಿನ್ ಬರುತ್ತದೆ. ಗ್ವಾನಿನ್ ಇದ್ದ ಜಾಗ ಈಗ ಥೈಮಿನ್‌ನದು. ಎರಡು ಎಳೆಗಳೂ ಒಂದಕ್ಕೊಂದು ಹೊಂದುವುದರಿಂದ ದುರಸ್ತಿ ಕಿಣ್ವಕ್ಕೆ ತಪ್ಪೇ ಕಾಣುವುದಿಲ್ಲ. ಮ್ಯುಟೇಶನ್ ಎನ್ನಬೇಕಾದದ್ದು ಇದಕ್ಕೆ. ಇದನ್ನು ‘ರೂಪಾಂತರ’ ಎಂದು ಬರೆಯುವುದನ್ನು ಬಿಡಬೇಕು. ಕಂಬಳಿಹುಳ ಚಿಟ್ಟೆಯಾಗುವುದು ರೂಪಾಂತರ. ಡಿಎನ್‌ಎಯಲ್ಲಿ ಒಂದು ಅಕ್ಷರ ಬದಲಾದಾಗ ರೂಪವೇನೂ ಬದಲಾಗಿರುವುದಿಲ್ಲ. ಪಠ್ಯದ ‘ಉತ್ಪರಿವರ್ತನೆ’ ನಾಲಿಗೆಗೆ ಭಾರವೆನಿಸಿದರೆ ಮ್ಯುಟೇಶನ್ ಎಂದೇ ಬರೆದರಾಯಿತು.

ಅಫ್ಲಾಟಾಕ್ಸಿನ್ ಹೆಚ್ಚಿದ್ದ ಚೀನಾದ ಚೀಡಾಂಗ್ ಮತ್ತು ದಕ್ಷಿಣ ಆಫ್ರಿಕಾ ಭಾಗದ ರೋಗಿಗಳ ಗೆಡ್ಡೆಗಳಲ್ಲಿ ಪಿ53 ಜೀನಿನ 249ನೇ ಕೋಡಾನ್‌ನಲ್ಲಿ, ಅಂದರೆ ಮೂರಕ್ಷರದ ಗುಂಪಿನಲ್ಲಿ, ಇದೇ ಬದಲಾವಣೆ ಮತ್ತೆ ಮತ್ತೆ ಕಂಡದ್ದು 1991ರಲ್ಲಿ ಪ್ರಕಟವಾಯಿತು. ಪಿ53ರ ಕೆಲಸ ಹಾನಿಗೊಂಡ ಕೋಶದ ವಿಭಜನೆ ನಿಲ್ಲಿಸುವುದು, ಆಗದಿದ್ದರೆ ಆ ಕೋಶ ತಾನಾಗಿ ಸಾಯುವಂತೆ ಮಾಡುವುದು. ಕಾವಲು ತಪ್ಪಿದ ಮೇಲೆ ಉಳಿದ ಮ್ಯುಟೇಶನ್‌ಗಳು ಒಂದರ ಮೇಲೊಂದು ಸೇರುತ್ತವೆ. ಹೆಪಟೈಟಿಸ್-ಬಿ ಸೋಂಕಿದ್ದವರಲ್ಲಿ ಅಪಾಯ ಹಲವು ಪಟ್ಟು ಏರುತ್ತದೆ. ಸೋಂಕಿಗೆ ಕೋಶಗಳು ಸಾಯುತ್ತಲೇ ಇರುವುದರಿಂದ ಉಳಿದವು ಬಿಡುವಿಲ್ಲದೆ ವಿಭಜನೆಯಾಗುತ್ತವೆ, ದುರಸ್ತಿಗೆ ಸಮಯ ಸಿಗುವುದಿಲ್ಲ.

ಹಾಗಾದರೆ ಕ್ಯಾನ್ಸರ್‌ಕಾರಕಗಳೆಲ್ಲ ಮ್ಯುಟೇಶನ್ ಮಾಡುವಂಥವೇ? ಅಲ್ಲ. ಇದನ್ನು ತೋರಿಸಿದ್ದರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಒಂದು ಬೀಜವಿದೆ: ಜಾಪಾಳ. ಹೌದು, ಭೇದಿಯ ಜಾಪಾಳ ಮಾತ್ರೆಯದೇ. 1940ರ ದಶಕದ ಪ್ರಯೋಗಗಳಲ್ಲಿ ಸುಂಡಿಲಿಯ ಚರ್ಮಕ್ಕೆ ಡಿಎಂಬಿಎ ಎಂಬ ರಾಸಾಯನಿಕವನ್ನು ಒಂದೇ ಸಲ, ಅಷ್ಟರಿಂದಲೇ ಗೆಡ್ಡೆ ಬಾರದಷ್ಟು ಕಡಿಮೆ ಹಚ್ಚಿದರು. ಆಮೇಲೆ ಜಾಪಾಳದ ಎಣ್ಣೆಯನ್ನು ವಾರಗಟ್ಟಲೆ ಹಚ್ಚುತ್ತ ಹೋದರು. ಗೆಡ್ಡೆಗಳೆದ್ದವು. ನಡುವೆ ತಿಂಗಳುಗಟ್ಟಲೆ ಬಿಡುವು ಕೊಟ್ಟರೂ ಎದ್ದವು. ಕ್ರಮ ತಿರುಗಿಸಿ, ಮೊದಲು ಎಣ್ಣೆ, ಆಮೇಲೆ ಡಿಎಂಬಿಎ ಹಚ್ಚಿದರೆ ಇಲ್ಲ. ಡಿಎಂಬಿಎ ಮ್ಯುಟೇಶನ್ ಮಾಡಿ ಮುಗಿಸಿರುತ್ತದೆ, ಅದು ಅಳಿಯುವುದಿಲ್ಲ. ಎಣ್ಣೆ ಡಿಎನ್‌ಎಯನ್ನು ಮುಟ್ಟುವುದಿಲ್ಲ, ಕೆಟ್ಟ ಕೋಶಕ್ಕೆ ‘ವಿಭಜನೆಯಾಗು’ ಎಂಬ ಸಂಕೇತವನ್ನು ಪದೇಪದೇ ಕೊಡುತ್ತದೆ. ಮೊದಲನೆಯದು ಆರಂಭಕ, ಎರಡನೆಯದು ಪ್ರವರ್ತಕ. ಈ ಭೇದ ತಿಳಿಯದೆ ‘ಒಂದು ಸಲ ತಿಂದರೆ ಏನಾಗುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಹೇಳಲಾಗದು.

ಗುಂಪುಗಳ ಬಗ್ಗೆಯೂ ಒಂದು ಮಾತು. 2004ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅಡಿಕೆಯನ್ನು, ತಂಬಾಕು ಇರುವ 1ನೇ ಗುಂಪಿಗೆ, ಅಂದರೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ’ ಎಂಬ ಗುಂಪಿಗೆ ಸೇರಿಸಿದ ಮೇಲೆ ಮಲೆನಾಡಿನಲ್ಲಿ ಎದ್ದ ಚರ್ಚೆ ಇನ್ನೂ ತಣ್ಣಗಾಗಿಲ್ಲ. ‘ತಂಬಾಕಿನಷ್ಟೇ ಅಪಾಯವೆಂದು ಹೇಳಿದ್ದಾರೆ’ ಎಂಬುದು ತಪ್ಪು ಓದು. ಗುಂಪಿನ ಸಂಖ್ಯೆ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ಎಂಬುದನ್ನಲ್ಲ. ಹಾಗೆಂದು ‘ಬರೀ ಪಟ್ಟಿ ತಾನೇ’ ಎಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ತಂಬಾಕಿಲ್ಲದೆ ಅಡಿಕೆ ಜಗಿಯುವ ತೈವಾನಿನಲ್ಲೂ ಬಾಯಿ ಕ್ಯಾನ್ಸರ್ ಇದೆ.

ಬಣ್ಣದ ಗೋಬಿಗೆ ಹೆದರುವಷ್ಟೇ ಶೇಂಗಾ ಮೂಟೆಗೂ ಹೆದರಬೇಕಾದದ್ದು ನ್ಯಾಯ. ಕಾಳು ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಬೂಷ್ಟು ಹೊಲದಲ್ಲೇ ಕಾಯಿಯೊಳಗೆ ಸೇರುತ್ತದೆ. ಕಿತ್ತ ಬಳ್ಳಿಯನ್ನು ಕಾಯಿ ಮೇಲಾಗಿ ಒಣಗಿಸಿ, ತೇವ ಶೇ 8ಕ್ಕೆ ಇಳಿಯಬೇಕು, ಅಲ್ಲಾಡಿಸಿದರೆ ಕಾಳು ಗಲಗಲ ಎನ್ನಬೇಕು. ಸುಲಿಯಲು ಸುಲಭವೆಂದು ನೀರು ಚಿಮುಕಿಸುವ ರೂಢಿ ಇಷ್ಟೂ ಶ್ರಮವನ್ನು ಹಾಳುಮಾಡುತ್ತದೆ. ಮುದುಡಿದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ತೆಗೆಯಬೇಕು. ಹುರಿದರೆ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ಗಾಣದಲ್ಲಿ ಅರೆದಾಗ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಶುದ್ಧೀಕರಿಸದ ಎಣ್ಣೆಯಲ್ಲಿ ಸ್ವಲ್ಪ ಇರುತ್ತದೆ. ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಅದು ಎಂ1 ಎಂಬ ರೂಪದಲ್ಲಿ ಬರುತ್ತದೆ. ಹಾಲಿಗೆ ನಮ್ಮ ಕಾನೂನಿನ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಕೆಟ್ಟ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಸರಿಹೋಗುತ್ತದೆ.